ಒಂದೇ ಗ್ಲಾಸಿನಲ್ಲಿ ಮೂರು ಪದರ: ಮನೆ ಪಾರ್ಟಿಗೆ ಬಿ-52 ಶಾಟ್

ಪುಟ್ಟ ಗ್ಲಾಸು. ತಳದಲ್ಲಿ ಕಾಫಿ ಕಪ್ಪು, ನಡುವೆ ಕೆನೆ ಬಣ್ಣ, ಮೇಲೆ ಹೊಂಬಣ್ಣ. ಬಾರ್‌ನಲ್ಲಿ ಒಂದೇ ಗುಟುಕಿನ ಈ ಮದ್ಯ ನೋಡಿದವರು ಎಲ್ಲಾ ಬಾರ್‌ಟೆಂಡರ್ ಕೈಚಳಕ ಅಂದುಕೊಳ್ಳುತ್ತಾರೆ. ಕೈಚಳಕ ಬೇಕು, ಆದರೆ ಸ್ವಲ್ಪವೇ. ಯಾವ ಬಾಟಲಿ ಮೊದಲು, ಯಾವುದು ಆಮೇಲೆ ಎಂದು ಗೊತ್ತಿದ್ದರೆ ಮುಕ್ಕಾಲು ಕೆಲಸ ಆದಂತೆ.

ಸಾರಿನ ಮೇಲೆ ಒಗ್ಗರಣೆ ಎಣ್ಣೆ ತೇಲುತ್ತದಲ್ಲ, ಅದೇ ಲೆಕ್ಕ ಎಂದು ಕೆಲವರು ಹೇಳುತ್ತಾರೆ. ಅದು ಬೇರೆ, ಇದು ಬೇರೆ. ಎಣ್ಣೆ ನೀರಿಗೆ ಬೆರೆಯುವುದೇ ಇಲ್ಲ. ಈ ಮದ್ಯಗಳು ಹಾಗಲ್ಲ, ಒಂದು ಸಲ ಚಮಚ ಆಡಿಸಿದರೆ ಒಂದಾಗಿಬಿಡುತ್ತವೆ. ಅವು ಪದರ ಪದರವಾಗಿ ನಿಲ್ಲುವುದು ಸಾಂದ್ರತೆಯ ವ್ಯತ್ಯಾಸದಿಂದ ಮಾತ್ರ. ಸಕ್ಕರೆ ಜಾಸ್ತಿ ಇದ್ದದ್ದು ಭಾರ, ತಳಕ್ಕೆ ಹೋಗುತ್ತದೆ. ಆಲ್ಕೋಹಾಲ್ ಜಾಸ್ತಿ ಇದ್ದದ್ದು ಹಗುರ, ಮೇಲೆ ನಿಲ್ಲುತ್ತದೆ.

ಬಿ-52ರಲ್ಲಿ ಇರುವುದು ಮೂರೇ ಮೂರು. ತಳಕ್ಕೆ ಕಲುವಾ, ಮೆಕ್ಸಿಕೋದ ಕಾಫಿ ಲಿಕ್ಯೂರ್ (ಲಿಕ್ಯೂರ್ ಅಂದರೆ ಸಿಹಿ, ಪರಿಮಳ ಸೇರಿಸಿದ ಮದ್ಯ). ನಡುವೆ ಬೇಲೀಸ್, 1974ರಲ್ಲಿ ಮಾರುಕಟ್ಟೆಗೆ ಬಂದ ಐರಿಶ್ ಕ್ರೀಮ್, ಅಂದರೆ ವಿಸ್ಕಿ, ಕೆನೆ ಬೆರೆತ ಲಿಕ್ಯೂರ್. ಮೇಲೆ ಗ್ರಾಂಡ್ ಮಾರ್ನಿಯೆ, ಬ್ರಾಂದಿಯ ಬಗೆಯಾದ ಕೋನ್ಯಾಕ್‌ಗೆ ಕಹಿ ಕಿತ್ತಳೆ ಸೇರಿಸಿದ ಫ್ರೆಂಚ್ ಲಿಕ್ಯೂರ್. ಕೆನಡಾದ ಬ್ಯಾನ್ಫ್ ಸ್ಪ್ರಿಂಗ್ಸ್ ಹೋಟೆಲಿನ ಬಾರ್‌ನಲ್ಲಿ 1977ರಲ್ಲಿ ಇದು ಹುಟ್ಟಿತು ಎಂಬುದು ಹೆಚ್ಚು ಕೇಳಿಬರುವ ಮಾತು. ನಾನೇ ಮಾಡಿದ್ದು ಎನ್ನುವವರು ಬೇರೆಯವರೂ ಇದ್ದಾರೆ, ಆ ಜಗಳ ನಮಗೆ ಬೇಡ.

ತೂಕ ಹಾಕಿ ನೋಡಿ

ಮೂರರಲ್ಲಿ ಒಂದು ಬಾಟಲಿ ಸಿಗಲಿಲ್ಲ, ಬೇರೆ ಯಾವುದೋ ತಂದಿದ್ದೀರಿ. ಅದು ಯಾವ ಪದರಕ್ಕೆ? ಅಂದಾಜು ಹೊಡೆಯಬೇಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಎರಡು ನಿಮಿಷದ ಕೆಲಸ. ತಕ್ಕಡಿ ಮೇಲೆ ಖಾಲಿ ಲೋಟ ಇಟ್ಟು ಸೊನ್ನೆ ಮಾಡಿ, ಪೆಗ್ ಅಳತೆಯಲ್ಲಿ ಸರಿಯಾಗಿ 30 ಮಿ.ಲೀ. ಸುರಿಯಿರಿ. ನೀರಾದರೆ 30 ಗ್ರಾಂ ತೋರಿಸುತ್ತದೆ. ಕಲುವಾ 34ರ ಆಸುಪಾಸು ಇರುತ್ತದೆ, ಬೇಲೀಸ್ 31 ದಾಟುತ್ತದೆ. ವೋಡ್ಕಾ, ವಿಸ್ಕಿ ಇಪ್ಪತ್ತೆಂಟೂವರೆ ಗ್ರಾಂ ಹತ್ತಿರ. ಜಾಸ್ತಿ ತೂಗಿದ್ದು ಕೆಳಗೆ, ಕಡಿಮೆ ತೂಗಿದ್ದು ಮೇಲೆ. ಎರಡರ ತೂಕ ತೀರಾ ಹತ್ತಿರ ಬಂದರೆ ಗೆರೆ ಮಸುಕಾಗುತ್ತದೆ, ಅಂಥ ಜೋಡಿ ಬಿಟ್ಟುಬಿಡಿ. ಬೇಲೀಸ್ ಮತ್ತು ಗ್ರಾಂಡ್ ಮಾರ್ನಿಯೆ ನಡುವೆ ಅಂತರ ಕಡಿಮೆ ಇರುವುದರಿಂದಲೇ ಮೂರನೇ ಪದರ ಎಲ್ಲರಿಗೂ ಕಾಟ ಕೊಡುತ್ತದೆ. ಸಲೀಸಾಗಬೇಕು ಅಂದರೆ ಮೇಲಕ್ಕೆ ಐರಿಶ್ ವಿಸ್ಕಿ ಹಾಕಿ. ರುಚಿ ಬೇರೆ ಬರುತ್ತದೆ, ಹೆಸರೂ ಬದಲಾಗುತ್ತದೆ. ಆದರೆ ಗೆರೆ ಮಾತ್ರ ಖಡಕ್ಕಾಗಿ ನಿಲ್ಲುತ್ತದೆ.

ಸುರಿಯುವ ಬಗೆ

ಬಾಟಲಿಗಳನ್ನು ಒಂದೆರಡು ಗಂಟೆ ಫ್ರಿಜ್‌ನಲ್ಲಿಡಿ. ಗ್ಲಾಸ್ ಅಗಲದ್ದಲ್ಲ, ಉದ್ದನೆಯ 60 ಮಿ.ಲೀ. ಶಾಟ್ ಗ್ಲಾಸ್ ತಗೊಳ್ಳಿ. ಒಳಗೆ ನೀರಿನ ಪಸೆ ಇರಬಾರದು.

ಮೊದಲು 15 ಮಿ.ಲೀ. ಕಲುವಾ. ಇದನ್ನು ಸುಮ್ನೆ ಸುರಿಯಬಹುದು, ಆದರೆ ಗ್ಲಾಸಿನ ಒಳಗೋಡೆಗೆ ಸಿಡಿಯದಂತೆ ನೋಡಿಕೊಳ್ಳಿ. ಸಿಡಿದ ಹನಿ ಆಮೇಲೆ ಮೇಲಿನ ಪದರದಲ್ಲಿ ಕಂದು ಗೆರೆಯಾಗಿ ಇಳಿಯುತ್ತದೆ.

ಈಗ ಟೀ ಚಮಚವನ್ನು ಬೋರಲು ಹಿಡಿಯಿರಿ. ಅದರ ತುದಿ ಗ್ಲಾಸಿನ ಒಳಗೋಡೆಗೆ ತಾಗಿರಬೇಕು, ಕಲುವಾದ ಮೇಲ್ಮೈಗಿಂತ ಕೂದಲೆಳೆಯಷ್ಟು ಮೇಲಿರಬೇಕು. ಬೇಲೀಸನ್ನು ಬಾಟಲಿಯಿಂದ ನೇರವಾಗಿ ಸುರಿಯಬೇಡಿ, ಧಾರೆ ಕೈಗೆ ಸಿಗುವುದಿಲ್ಲ. ಪೆಗ್ ಅಳತೆಗೆ 15 ಮಿ.ಲೀ. ಹಾಕಿಕೊಂಡು, ಅಲ್ಲಿಂದ ಚಮಚದ ಬೆನ್ನಿನ ಮೇಲೆ ಸಣ್ಣಗೆ ಬಿಡಿ. ಅದು ಬೆನ್ನಿನ ಮೇಲೆ ಹರಡಿ, ಗೋಡೆ ಹಿಡಿದು, ಮೆಲ್ಲಗೆ ಜಾರಿ ಕಲುವಾ ಮೇಲೆ ಕೂರುತ್ತದೆ. ಮೊದಲ ಕೆಲವು ಹನಿ ಸ್ವಲ್ಪ ಮುಳುಗಿ ಮತ್ತೆ ಏಳುವುದು ಕಾಣುತ್ತದೆ, ಗಾಬರಿ ಬೇಡ. ಗ್ಲಾಸ್ ತುಂಬುತ್ತಾ ಬಂದಂತೆ ಚಮಚವನ್ನೂ ಎತ್ತುತ್ತಾ ಹೋಗಿ.

ಚಮಚ ತೊಳೆದು ಒರೆಸಿ. ಗ್ರಾಂಡ್ ಮಾರ್ನಿಯೆಗೂ ಇದೇ ಕ್ರಮ, ಅರ್ಧ ವೇಗದಲ್ಲಿ. ಇಲ್ಲಿ ಅವಸರ ಮಾಡಿದರೆ ಕೆನೆ ಪದರ ತೂತಾಗಿ ಎಲ್ಲಾ ಕದಡಿಹೋಗುತ್ತದೆ. ಕದಡಿದ್ದನ್ನು ಚೆಲ್ಲಬೇಡಿ, ಐಸ್ ಮೇಲೆ ಸುರಿದು ಕುಡಿಯಿರಿ. ರುಚಿಗೇನೂ ಕಡಿಮೆ ಇಲ್ಲ.

ಕೈ ಪಳಗಲಿ ಅಂದರೆ ಎರಡೇ ಪದರದ ಸ್ಪ್ರಿಂಗ್‌ಬಾಕಿಯಿಂದ ಶುರು ಮಾಡಿ. ಇದು ದಕ್ಷಿಣ ಆಫ್ರಿಕಾದ್ದು. ಕೆಳಗೆ ಹಸಿರು ಪುದೀನ ಲಿಕ್ಯೂರ್, ಮೇಲೆ ಅಮರುಲಾ ಎಂಬ ಕ್ರೀಮ್ ಲಿಕ್ಯೂರ್. ಅವರ ರಗ್ಬಿ ತಂಡದ ಜೆರ್ಸಿ ಬಣ್ಣವೇ ಇದು. ತೂಕದ ಅಂತರ ಚೆನ್ನಾಗಿರುವುದರಿಂದ ಹೊಸಬರಿಗೂ ಒಲಿಯುತ್ತದೆ.

ಬೆಂಕಿ ಹಚ್ಚಿ ಕೊಡುವ ಬಿ-52 ನೋಡಿರುತ್ತೀರಿ. ಮನೆಯಲ್ಲಿ ಬೇಡವೇ ಬೇಡ. ಗ್ಲಾಸಿನ ಅಂಚು ಕಾದು ತುಟಿ ಸುಡುತ್ತದೆ, ಸ್ಟ್ರಾ ಕರಗುತ್ತದೆ, ಪಕ್ಕದಲ್ಲಿ ದುಪಟ್ಟಾ, ಪರದೆ ಎಲ್ಲಾ ಇರುತ್ತವೆ.

ಇನ್ನೊಂದು ಲೆಕ್ಕ. ಹೀಗೆ ಮಾಡಿದ 45 ಮಿ.ಲೀ. ಶಾಟ್‌ನಲ್ಲಿ ಇರುವ ಆಲ್ಕೋಹಾಲ್ ಹೆಚ್ಚು ಕಡಿಮೆ ಒಂದು ಸ್ಮಾಲ್ ವಿಸ್ಕಿಯಷ್ಟೇ. ಸಿಹಿ ಇರುವುದರಿಂದ ಗೊತ್ತಾಗುವುದಿಲ್ಲ, ಅದೇ ತೊಂದರೆ. ತಲೆಗೊಂದು ಕೊಟ್ಟು ಟ್ರೇ ಒಳಗಿಡಿ. ಹನ್ನೆರಡು ಜನಕ್ಕೆ ಒಂದೊಂದು ಬಾಟಲಿಯಿಂದ 180 ಮಿ.ಲೀ. ಸಾಕು, ಮೂರೂ ದೊಡ್ಡ ಬಾಟಲಿ ಕೊಳ್ಳುವ ಮುಂಚೆ ಇದನ್ನು ಯೋಚಿಸಿ. ಗಾಡಿ ಕೀ ಯಾರ ಕೈಯಲ್ಲಿದೆ ಎಂದೂ ನೋಡಿಕೊಳ್ಳಿ.

ಕುಡಿಯದವರಿಗೂ, ಮಕ್ಕಳಿಗೂ

ನನ್ನ ಕೇಳಿದರೆ ಇದರ ಮುಂದೆ ಬಿ-52 ಸಪ್ಪೆ. ತಳಕ್ಕೆ ಪುನರ್ಪುಳಿ ಸಿರಪ್, ಗಟ್ಟಿ ಸಕ್ಕರೆ ಪಾಕದ್ದೇ ಆಗಬೇಕು. ಅದರ ಮೇಲೆ ಕಿತ್ತಳೆ ರಸ, ಸಕ್ಕರೆ ಹಾಕದೆ. ಬಟ್ಟೆಯಲ್ಲಿ ಸೋಸಿ, ಇಲ್ಲದಿದ್ದರೆ ತಿರುಳು ಕೆಳಗಿಳಿದು ಗೆರೆ ಕೆಡಿಸುತ್ತದೆ. ಎಲ್ಲಕ್ಕಿಂತ ಮೇಲೆ ಒಣಗಿದ ಶಂಖಪುಷ್ಪ ಬಿಸಿನೀರಿನಲ್ಲಿ ನೆನೆಸಿ ತಣಿಸಿದ ನೀಲಿ ನೀರು, ಅದಕ್ಕೂ ಸಕ್ಕರೆ ಬೇಡ. ಕಿತ್ತಳೆಯ ಹುಳಿ ತಾಗಿದ ಕಡೆ ನೀಲಿ ನೇರಳೆಗೆ ತಿರುಗುತ್ತದೆ, ನಾಲ್ಕನೇ ಬಣ್ಣ ಪುಕ್ಕಟೆ. ಸೋಡಾ ಹಾಕುವ ಆಸೆ ಬೇಡ, ಗುಳ್ಳೆ ಎದ್ದು ಎಲ್ಲಾ ಕಲಸಿಬಿಡುತ್ತವೆ. ಹಾಲು, ಕೆನೆ ಕೂಡ ಇದಕ್ಕೆ ಆಗದು, ಹುಳಿಗೆ ಒಡೆಯುತ್ತದೆ.

ಎಲ್ಲವನ್ನೂ ಟ್ರೇಯಲ್ಲೇ ಜೋಡಿಸಿಟ್ಟು ಸುರಿಯಿರಿ. ಸುರಿದ ಮೇಲೆ ಒಂದೊಂದೇ ಗ್ಲಾಸ್ ಎತ್ತಿಡಲು ಹೋದರೆ ಅಲುಗಾಡುತ್ತದೆ. ಅತಿಥಿಗಳು ಬಂದು ಕೂತ ಮೇಲೆ ಮಾಡಿದರೆ ಇನ್ನೂ ಒಳ್ಳೆಯದು, ನೋಡಲು ಅವರಿಗೂ ಖುಷಿ. ಪಾರ್ಟಿ ಮುಗಿದ ರಾತ್ರಿಯೇ ಗ್ಲಾಸುಗಳಿಗೆ ಬಿಸಿನೀರು ಹಾಕಿಡಿ. ಕೆನೆ, ಸಕ್ಕರೆ ಎರಡೂ ಒಣಗಿದರೆ ಬೆಳಿಗ್ಗೆ ಉಜ್ಜುವುದು ಕಷ್ಟ.