ಪುಶ್‌ರಾಡ್ ಉದ್ದ ಅಳೆಯದೆ ರಾಕರ್ ಬಿಗಿಯಬೇಡಿ

ಎಂಜಿನ್ ಬಿಚ್ಚಿ ಕಟ್ಟುವಾಗ ಪಿಸ್ಟನ್, ಬೇರಿಂಗ್‌ಗಳ ಮುಂದೆ ದಿನಗಟ್ಟಲೆ ಕೂರುವವರೂ ವಾಲ್ವ್ ಒತ್ತಿ ತೆರೆಯುವ ರಾಕರ್ ಆರ್ಮ್‌ಗೆ ಬಂದಾಗ ಆತುರ ಮಾಡುತ್ತಾರೆ. ಕ್ಯಾಮ್ ಕಡೆಯಿಂದ ರಾಕರ್ ಅನ್ನು ಮೇಲೆತ್ತುವ ಕಡ್ಡಿಗಳನ್ನು, ಅಂದರೆ ಹಳೆಯ ಪುಶ್‌ರಾಡ್‌ಗಳನ್ನೇ ಇಳಿಬಿಟ್ಟು, ನಟ್ ಬಿಗಿದು, ಕವರ್ ಮುಚ್ಚಿಬಿಡುತ್ತಾರೆ. ಉದ್ದ ತಪ್ಪಿದ್ದರೆ ಆಮೇಲೆ ವಾಲ್ವ್ ಗೈಡ್ (ವಾಲ್ವ್ ಮೇಲೆ ಕೆಳಗೆ ಜಾರುವ ಕೊಳವೆ) ಒಂದೇ ಪಕ್ಕಕ್ಕೆ ಸವೆದು ಎಣ್ಣೆ ಉರಿಯುತ್ತದೆ. ಹೆಡ್ ಉಜ್ಜಿಸಿದರೂ, ಗ್ಯಾಸ್ಕೆಟ್ ದಪ್ಪ ಬದಲಾದರೂ, ಬೇರೆ ಕ್ಯಾಮ್ ಕೂರಿಸಿದರೂ ಬೇಕಾದ ಪುಶ್‌ರಾಡ್ ಉದ್ದ ಬದಲಾಗುತ್ತದೆ. ಇಲ್ಲಿ ಹೇಳುತ್ತಿರುವುದು ಸ್ಟಡ್ (ಹೆಡ್‌ನಿಂದ ಎದ್ದ ಬೋಲ್ಟ್) ಮೇಲೆ ಕೂರುವ, ತುದಿಗೆ ಉರುಳೆ ಇರುವ ರೋಲರ್ ರಾಕರ್‌ಗಳ ಬಗ್ಗೆ.

1. ಕ್ಯಾಮ್, ಅದರ ಮೇಲೆ ಕೂತು ಪುಶ್‌ರಾಡ್ ಎತ್ತುವ ಟ್ಯಾಪೆಟ್ ಕೂರಿಸಿ. ಕೊನೆಗೆ ಬಳಸುವಷ್ಟೇ ದಪ್ಪದ ಗ್ಯಾಸ್ಕೆಟ್ ಇಟ್ಟು ಹೆಡ್ ಬಿಗಿಯಿರಿ.

2. ಒಂದು ಸಿಲಿಂಡರ್‌ನ ಗಟ್ಟಿ ವಾಲ್ವ್ ಸ್ಪ್ರಿಂಗ್ ತೆಗೆದು ಮೆತ್ತನೆಯ ಸ್ಪ್ರಿಂಗ್ ಹಾಕಿ. ಒಳಗೆ ಎಣ್ಣೆ ತುಂಬಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ ಒಳಗೆ ಕುಸಿದರೆ ಅಳತೆಯೇ ಸುಳ್ಳಾಗುತ್ತದೆ. ಹಾಗಾಗಿ ಅಳತೆಗೆ ಕುಸಿಯದ ಸಾಲಿಡ್ ಟ್ಯಾಪೆಟ್ಟೇ ಇರಲಿ.

3. ಇಲ್ಲೇ ಹೆಚ್ಚಿನವರು ಎಡವುವುದು. ವಾಲ್ವ್ ತುದಿಗೆ ಮಾರ್ಕರ್‌ನಿಂದ ಬಣ್ಣ ಬಳಿಯಿರಿ. ಉದ್ದ ಹೊಂದಿಸಬಹುದಾದ ಪುಶ್‌ರಾಡ್ ಹಾಕಿ. ಟ್ಯಾಪೆಟ್ ಕ್ಯಾಮ್‌ನ ತಗ್ಗಿನಲ್ಲಿರುವಾಗ ಸಡಿಲು ಹೋಗುವಷ್ಟೇ ರಾಕರ್ ನಟ್ ತಿರುಗಿಸಿ. ಕ್ರ್ಯಾಂಕ್ ಅನ್ನು ಕೈಯಿಂದ ಪೂರ್ತಿ 2 ಸುತ್ತು ತಿರುಗಿಸಿ, ರಾಕರ್ ತೆಗೆದು ನೋಡಿ. ಬಣ್ಣ ಅಳಿಸಿದ ಪಟ್ಟಿ ಎಷ್ಟು ಕಿರಿದೋ ಅಷ್ಟು ಒಳ್ಳೆಯದು. 1.5 ಮಿ.ಮೀ. ಆಸುಪಾಸು ಬಂದರೆ ನನಗೆ ಸಮಾಧಾನ. ಲಿಫ್ಟ್ (ವಾಲ್ವ್ ತೆರೆಯುವ ಪ್ರಮಾಣ) ಜಾಸ್ತಿ ಇದ್ದರೆ ಪಟ್ಟಿ ಸ್ವಲ್ಪ ಅಗಲವಾಗುತ್ತದೆ. ಉದ್ದವನ್ನು ಚೂರುಚೂರೇ ಬದಲಿಸಿ, ಪ್ರತಿ ಸಲ ಹೊಸದಾಗಿ ಬಣ್ಣ ಬಳಿದು ನೋಡಿ. ಬೇಸರ ಅನ್ನಿಸಿದರೂ ಬಿಡಬೇಡಿ.

ಪಟ್ಟಿ ನಡುವೆ ಬಂದರೆ ಸಾಕು ಅಂತ ಅನೇಕರು ನಂಬಿದ್ದಾರೆ. ಅದು ತಪ್ಪು. ನಡುವೆ ಬಂದ ಅಗಲ ಪಟ್ಟಿಗಿಂತ ತುಸು ಪಕ್ಕಕ್ಕಿರುವ ಕಿರಿದಾದ ಪಟ್ಟಿಯೇ ಮೇಲು. ತೀರಾ ಅಂಚಿಗೆ ಹೋಗಬಾರದು, ಅಷ್ಟೇ. ಇನ್‌ಟೇಕ್, ಎಗ್ಸಾಸ್ಟ್ ವಾಲ್ವ್ ಎರಡನ್ನೂ ಅಳೆಯಿರಿ. ಒಂದನ್ನು ಅಳೆದು ಇನ್ನೊಂದೂ ಅಷ್ಟೇ ಅಂದುಕೊಳ್ಳುವುದು ಸುಮ್ನೆ ಅಪಾಯ ತಂದುಕೊಂಡಂತೆ.

4. ಈಗ ಅಡ್ಡಕ್ಕೆ ನೋಡಿ. ರೋಲರ್ ವಾಲ್ವ್ ತುದಿಯ ಎಡಕ್ಕೋ ಬಲಕ್ಕೋ ಸರಿದಿದ್ದರೆ ಗೈಡ್ ಪ್ಲೇಟ್ (ಪುಶ್‌ರಾಡ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ತಗಡು) ಸಡಿಲಿಸಿ ಸರಿಸಿ. ಎರಡು ತುಂಡಿನ, ಹೊಂದಿಸಬಹುದಾದ ಪ್ಲೇಟನ್ನೇ ಕೊಳ್ಳಿ. ಗೈಡ್ ಪ್ಲೇಟ್ ಇದ್ದಲ್ಲಿ ಹಾರ್ಡನ್ ಮಾಡಿದ ಪುಶ್‌ರಾಡ್ಡೇ ಬೇಕು. ಮೆದುವಾದದ್ದು ಅಗ್ಗಕ್ಕೆ ಸಿಗುತ್ತದೆ, ಆದರೆ ಪ್ಲೇಟ್‌ಗೆ ಉಜ್ಜಿ ಸವೆದು, ಆ ಪುಡಿಯೆಲ್ಲ ಎಣ್ಣೆಗೆ ಸೇರುತ್ತದೆ.

5. ಅಳತೆಗೆ ಸರಿಹೊಂದುವ ಪುಶ್‌ರಾಡ್‌ಗಳು, ನಿಜವಾದ ಟ್ಯಾಪೆಟ್, ಸ್ಪ್ರಿಂಗ್ ಹಾಕಿ. ಮತ್ತೆ ಕೈಯಿಂದಲೇ ತಿರುಗಿಸಿ. ಪುಶ್‌ರಾಡ್ ಹೆಡ್‌ನ ತೂತಿಗೆ, ರಾಕರ್ ಸ್ಪ್ರಿಂಗ್ ರಿಟೈನರ್‌ಗೆ (ಸ್ಪ್ರಿಂಗ್ ಮೇಲಿನ ಮುಚ್ಚಳಕ್ಕೆ) ಎಲ್ಲೂ ತಾಗಬಾರದು. ತಾಗದಿದ್ದರೆ ಅಸೆಂಬ್ಲಿ ಪೇಸ್ಟ್ ಹಚ್ಚಿ, ಟ್ಯಾಪೆಟ್ ಸೆಟ್ ಮಾಡಿ (ನಟ್‌ನಿಂದ ಸಡಿಲು-ಬಿಗಿ ಹೊಂದಿಸಿ), ಕವರ್ ಮುಚ್ಚಿ.