ನನ್ನ ಜಿಪ್ಸಿಗೆ ಯಾವ ಟೈರ್, ಎಷ್ಟು ಗಾಳಿ

ನಮ್ಮ ಕಾಫಿ ತೋಟ ಇರುವುದು ಸಕಲೇಶಪುರ ತಾಲ್ಲೂಕಿನ ಹೆತ್ತೂರು ಕಡೆ. ಡಾಂಬರು ರಸ್ತೆ ಬಿಟ್ಟ ಮೇಲೆ ಮನೆಗೆ ಎರಡೂವರೆ ಕಿಲೋಮೀಟರ್ ಮಣ್ಣಿನ ದಾರಿ. ಮೊದಲು ಕೆಂಪು ಮಣ್ಣು, ಆಮೇಲೆ ಒಂದು ಹಳ್ಳ. ಹಳ್ಳ ದಾಟಿದ ಕೂಡಲೇ ಕಡಿದಾದ ಏರು, ಕೆಳಗೆ ಜಂಬಿಟ್ಟಿಗೆ ಕಲ್ಲು, ಅದರ ಮೇಲೆ ನಾಲ್ಕು ಬೆರಳು ಜೇಡಿಮಣ್ಣು. ಮಳೆಗಾಲದಲ್ಲಿ ಗಾಡಿ ಆ ಏರು ಹತ್ತಿದರೆ ಸರಿ. ಇಲ್ಲದಿದ್ದರೆ ಹಳ್ಳದ ಹತ್ತಿರವೇ ನಿಲ್ಲಿಸಿ, ಇಂಬಳ ಕಚ್ಚಿಸಿಕೊಂಡು ಮನೆಗೆ ನಡೆಯಬೇಕು.

ನಾನು ಓಡಿಸುವುದು ಮಾರುತಿ ಜಿಪ್ಸಿ ಕಿಂಗ್, 1300 ಸಿಸಿಯದು. ಸೆಕೆಂಡ್ ಹ್ಯಾಂಡ್ ಕೊಂಡಿದ್ದು. ಖಾಲಿ ಗಾಡಿ ಒಂದು ಟನ್ನಿಗೂ ಸ್ವಲ್ಪ ಕಡಿಮೆ, ಸಾಫ್ಟ್ ಟಾಪ್ ಆದರೆ ಸುಮಾರು 985 ಕೆಜಿ. ಈ ತೂಕವನ್ನು ನೆನಪಿಟ್ಟುಕೊಳ್ಳಿ. ಟೈರ್ ವಿಷಯದಲ್ಲಿ ನಾನು ಮಾಡಿದ ಎಲ್ಲ ತಪ್ಪೂ ಈ ತೂಕವನ್ನು ಮರೆತು ಮಾಡಿದ್ದು.

ಕೊಂಡಾಗ ಅದರಲ್ಲಿ ಕಂಪನಿಯ ಅಳತೆಯ 205/70 ಆರ್15 ಟೈರ್‌ಗಳೇ ಇದ್ದವು, ಸವೆದಿದ್ದವು. (205 ಅಂದರೆ ಅಗಲ ಮಿಲಿಮೀಟರ್‌ನಲ್ಲಿ, 70 ಅಂದರೆ ಪಕ್ಕದ ಗೋಡೆಯ ಎತ್ತರ ಅಗಲದ ಶೇ 70, 15 ಅಂದರೆ ರಿಮ್ಮಿನ ವ್ಯಾಸ ಇಂಚಿನಲ್ಲಿ.) ಮೊದಲ ಮಳೆಗಾಲಕ್ಕೇ ಮೈಮೇಲೆ ದಪ್ಪ ಗುಬುಟುಗಳಿರುವ ಬಟನ್ ಟೈರ್ ಹಾಕಿಸಬೇಕು ಅನ್ನಿಸಿತು. ಹಾಸನಕ್ಕೆ ಹೋಗಿ 235/75 ಆರ್15 ಅಳತೆಯ ಎಂಟಿ ಟೈರ್, ಅಂದರೆ ಕೆಸರಿಗೆ ಅಂತಲೇ ಮಾಡಿದ್ದು, ತಂದೆ. ಸಣ್ಣ ಲಾರಿಗಳಿಗೆ ಮಾಡುವಂಥ, ಪಕ್ಕದ ಗೋಡೆ ದಪ್ಪ ಇರುವ ಎಲ್‌ಟಿ ಟೈರ್. ನೋಡಲು ಬಹಳ ಚೆನ್ನಾಗಿತ್ತು. ಮನೆಗೆ ಬಂದ ಮೇಲೆ ಕಾಫಿ ಮೂಟೆ ತೂಗುವ ತಕ್ಕಡಿಯ ಮೇಲೆ ಒಂದು ಚಕ್ರ ಇಟ್ಟೆ. ಹಳೇ ಚಕ್ರಕ್ಕಿಂತ ಎಂಟು ಕೆಜಿ ಜಾಸ್ತಿ. ನಾಲ್ಕಕ್ಕೆ 32 ಕೆಜಿ. ಅದೂ ಸುಮ್ನೆ ಕೂತಿರುವ ತೂಕ ಅಲ್ಲ, ಇಂಜಿನ್ ತಿರುಗಿಸಬೇಕಾದ, ಬ್ರೇಕ್ ನಿಲ್ಲಿಸಬೇಕಾದ ತೂಕ.

ಎತ್ತರದ ಲೆಕ್ಕ ಇನ್ನೂ ಮುಖ್ಯ. 205/70 ಆರ್15 ಟೈರಿನ ವ್ಯಾಸ 668 ಮಿಮೀ. 235/75 ಆರ್15 ಆದರೆ 733 ಮಿಮೀಗೂ ಸ್ವಲ್ಪ ಜಾಸ್ತಿ. ಅಂದರೆ ಹತ್ತಿರ ಹತ್ತಿರ ಶೇ 10ರಷ್ಟು ದೊಡ್ಡದು. ಗಾಡಿ 33 ಮಿಮೀ ಮೇಲೇಳುತ್ತದೆ, ಅದು ಲಾಭ. ಆದರೆ ಎಲ್ಲ ಗೇರೂ ಅಷ್ಟೇ ಪ್ರಮಾಣದಲ್ಲಿ ಭಾರವಾಗುತ್ತದೆ. ಮೊದಲು ಸೆಕೆಂಡ್ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಫಸ್ಟ್ ಗೇರ್ ಬೇಕಾಯಿತು. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಟೈರ್ ಸ್ಪ್ರಿಂಗ್ ಪಟ್ಟಿಗೆ ಉಜ್ಜುತ್ತಿತ್ತು. ಜಿಪ್ಸಿಗೆ ಪವರ್ ಸ್ಟೀರಿಂಗ್ ಇಲ್ಲ. ಅಗಲದ ಟೈರ್ ಹಾಕಿಕೊಂಡು ಕಣದಲ್ಲಿ ಹಿಂದೆ ಮುಂದೆ ಮಾಡುವಷ್ಟರಲ್ಲಿ ಭುಜ ನೋಯುತ್ತಿತ್ತು.

ಇಷ್ಟೆಲ್ಲ ಆದರೂ ಕೆಸರಿನಲ್ಲಿ ಚೆನ್ನಾಗಿ ಹೋಗಿದ್ದರೆ ತಡೆದುಕೊಳ್ಳುತ್ತಿದ್ದೆ. ಹೋಗಲಿಲ್ಲ. ಗಾಳಿ 18 ಪಿಎಸ್‌ಐಗೆ (ಬಂಕಿನಲ್ಲಿ ಪೌಂಡ್ ಅನ್ನುವುದೂ ಇದನ್ನೇ) ಇಳಿಸಿದರೂ ಟೈರ್ ಮೆತ್ತಗಾಗುತ್ತಲೇ ಇರಲಿಲ್ಲ. ಎರಡು ಟನ್ ಹೊರುವ ಗಾಡಿಗಾಗಿ ಮಾಡಿದ ಗೋಡೆ ಅದು. ನನ್ನ ಜಿಪ್ಸಿಯ ಭಾರಕ್ಕೆ ಅದು ಬಗ್ಗುವುದೇ ಇಲ್ಲ. ಬಟನ್‌ಗಳ ಸಂದಿಗೆ ಜೇಡಿಮಣ್ಣು ತುಂಬಿಕೊಂಡು ಟೈರ್ ನುಣ್ಣನೆಯ ಗುಂಡಾಗುತ್ತಿತ್ತು. ಆ ಮಣ್ಣನ್ನು ಕೊಡವಲು ಚಕ್ರ ಜೋರಾಗಿ ತಿರುಗಬೇಕು. ಅಷ್ಟು ಜೋರು ತಿರುಗಿಸಲು ಆ ಏರಿನಲ್ಲಿ ಜಾಗವೂ ಇಲ್ಲ, ನನ್ನ ಇಂಜಿನ್‌ನಲ್ಲಿ ಶಕ್ತಿಯೂ ಇಲ್ಲ. ಒಂದು ಮಳೆಗಾಲ ಓಡಿಸಿ, ಭಾರದ ಗಾಡಿ ಬೊಲೆರೊ ಇಟ್ಟುಕೊಂಡಿದ್ದ ಪರಿಚಯದವರಿಗೆ ಕೊಟ್ಟುಬಿಟ್ಟೆ. ಅವರಿಗೆ ಈಗಲೂ ಚೆನ್ನಾಗಿ ನಡೆಯುತ್ತಿವೆ.

ಎರಡನೇ ಸಲ ಲೆಕ್ಕ ಹಾಕಿ ಕೊಂಡೆ. 215/75 ಆರ್15, ಎಟಿ ಮಾದರಿ (ಡಾಂಬರಿಗೂ ಮಣ್ಣಿಗೂ ಆಗುವಂಥದ್ದು), ಎಲ್‌ಟಿ ಅಲ್ಲದ ಸಾಧಾರಣ ಗೋಡೆಯದು. ವ್ಯಾಸ 703 ಮಿಮೀ ಚಿಲ್ಲರೆ. ಗಾಡಿ ಸುಮಾರು 18 ಮಿಮೀ ಮೇಲೆದ್ದಿತು, ಎಲ್ಲೂ ಉಜ್ಜಲಿಲ್ಲ. ಗೇರ್ ಶೇ 5ರಷ್ಟು ಭಾರವಾಯಿತು, ಅದು ಗೊತ್ತೇ ಆಗಲಿಲ್ಲ. ಸ್ಪೀಡೋಮೀಟರ್ 60 ತೋರಿಸಿದರೆ ನಿಜವಾಗಿ 63ರಲ್ಲಿ ಹೋಗುತ್ತಿರುತ್ತೀರಿ, ಅಷ್ಟು ಗಮನದಲ್ಲಿರಲಿ. 195/80 ಆರ್15 ಕೂಡ ಯೋಚಿಸಿದ್ದೆ. ಈಗಿನ ಜಿಮ್ನಿಗೆ ಕಂಪನಿಯಿಂದಲೇ ಬರುವ ಅಳತೆ ಅದು. ಎತ್ತರ 693 ಮಿಮೀ, ಅಗಲ ಕಡಿಮೆ. ನಮ್ಮಂಥ ನೆಲಕ್ಕೆ, ಮೇಲೆ ಕೆಸರು ಕೆಳಗೆ ಗಟ್ಟಿ ಇರುವ ಕಡೆಗೆ, ಅಗಲ ಕಡಿಮೆ ಇರುವ ಟೈರ್ ಕೆಸರನ್ನು ಸೀಳಿಕೊಂಡು ಕಲ್ಲನ್ನು ಮುಟ್ಟುತ್ತದೆ. ಆ ದಿನ ಅಂಗಡಿಯಲ್ಲಿ ನಾಲ್ಕು ಸಿಗಲಿಲ್ಲ, ಇಲ್ಲದಿದ್ದರೆ ಅದನ್ನೇ ತರುತ್ತಿದ್ದೆ.

ಕೊಳ್ಳುವಾಗ ಪಕ್ಕದ ಗೋಡೆ ಓದಿ. ಇಂಗ್ಲಿಷಿನಲ್ಲಿ DOT ಅಂತ ಬರೆದಿರುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾಗಿದ್ದು. ನನಗೆ ಮೊದಲು ತೋರಿಸಿದ ನಾಲ್ಕರಲ್ಲಿ ಒಂದು ಮೂರು ವರ್ಷ ಹಳೆಯದಿತ್ತು, ಬದಲಾಯಿಸಿಕೊಂಡೆ. ಅಳತೆಯ ಪಕ್ಕದಲ್ಲಿ 100 ಅಂತಿದ್ದರೆ ಒಂದು ಟೈರ್ 800 ಕೆಜಿ ಹೊರಬಲ್ಲದು ಅಂತ ಅರ್ಥ. ನಾಲ್ಕು ಸೇರಿ 3200. ಜನ, ಮೂಟೆ ಎಲ್ಲ ತುಂಬಿದರೂ ಜಿಪ್ಸಿ ಅದರ ಅರ್ಧಕ್ಕಿಂತ ಜಾಸ್ತಿ ತೂಗುವುದಿಲ್ಲ.

ಹಾಗಾದರೆ ಅದಕ್ಕೆ 35 ಪೌಂಡ್ ಗಾಳಿ ಯಾಕೆ? ಬಂಕಿನಲ್ಲಿ ಗಾಳಿ ಹೊಡೆಯುವ ಹುಡುಗ ಯಾವ ಗಾಡಿ ಬಂದರೂ 32, 35 ಅಂತ ಹೊಡೆದು ಕಳಿಸುತ್ತಾನೆ. ನಾನು 26 ಹೇಳಿದಾಗ, "ಅಣ್ಣಾ, ಇಷ್ಟು ಕಮ್ಮಿ ಹಾಕಿದ್ರೆ ಟೈರ್ ಹೋಗ್ತದೆ" ಅಂದ. ಅವನ ತಪ್ಪಲ್ಲ. ದಿನವೂ ಅವನ ಕೈಗೆ ಬರುವುದು ಭಾರದ ಗಾಡಿಗಳು. ನಮ್ಮ ಗಾಡಿಗೆ ಎಷ್ಟು ಬೇಕು ಅಂತ ನಾವೇ ಕಂಡುಕೊಳ್ಳಬೇಕು. ಕಂಪನಿ ಹೇಳಿದ ಗಾಳಿ ಕಂಪನಿಯ ಟೈರಿಗೆ. ಅಳತೆ ಬದಲಾದ ಮೇಲೆ ಅದನ್ನು ಶುರು ಮಾಡುವ ಜಾಗ ಅಂತ ಮಾತ್ರ ಇಟ್ಟುಕೊಳ್ಳಿ.

ನಾನು ಕಂಡುಕೊಂಡಿದ್ದು ಸೀಮೆಸುಣ್ಣದಿಂದ. ಕಾಫಿ ಒಣಗಿಸುವ ಸಿಮೆಂಟ್ ಕಣ ಇದೆಯಲ್ಲ, ಅದಕ್ಕಿಂತ ಒಳ್ಳೆಯ ಜಾಗ ಬೇರೆ ಬೇಕಾಗಿಲ್ಲ. ನಾಲ್ಕೂ ಟೈರಿನ ಮೈಮೇಲೆ ಈ ಅಂಚಿನಿಂದ ಆ ಅಂಚಿಗೆ ಅಡ್ಡಲಾಗಿ ದಪ್ಪ ಗೆರೆ ಎಳೆದೆ. ಐವತ್ತು ಅಡಿ ನೇರವಾಗಿ ಓಡಿಸಿ ಇಳಿದು ನೋಡಿದೆ. 35ರಲ್ಲಿ ನಡುವಿನ ಮೂರು ಬೆರಳು ಮಾತ್ರ ಅಳಿಸಿತ್ತು, ಎರಡೂ ಅಂಚಿನಲ್ಲಿ ಸುಣ್ಣ ಹಾಗೇ ಬೆಳ್ಳಗಿತ್ತು. ಅಂದರೆ ದುಡ್ಡು ಕೊಟ್ಟು ತಂದ ಟೈರಿನ ಅರ್ಧ ನೆಲವನ್ನೇ ಮುಟ್ಟುತ್ತಿಲ್ಲ. ಎರಡೆರಡು ಪಿಎಸ್‌ಐ ಇಳಿಸುತ್ತಾ, ಮತ್ತೆ ಗೆರೆ ಎಳೆಯುತ್ತಾ ಹೋದೆ. ಮುಂದಿನ ಟೈರ್ 26ರಲ್ಲಿ, ಹಿಂದಿನದು ಖಾಲಿ ಗಾಡಿಯಲ್ಲಿ 24ರಲ್ಲಿ ಪೂರ್ತಿ ಅಗಲಕ್ಕೆ ಒಂದೇ ಸಮ ಅಳಿಸಿತು. ಡಾಂಬರಿಗೆ ಅದೇ ನನ್ನ ಅಳತೆ. ಕುಯ್ಲಿನ ಸಮಯದಲ್ಲಿ ಹಿಂದೆ ನಾಲ್ಕು ಮೂಟೆ ಹಾಕಿದರೆ ಹಿಂದಿನದಕ್ಕೆ 30 ಹಾಕುತ್ತೇನೆ.

ಇನ್ನೊಂದು ಪರೀಕ್ಷೆ ಬಿಸಿಯದು. ಬೆಳಗ್ಗೆ ಟೈರ್ ತಣ್ಣಗಿರುವಾಗ ಅಳೆದು, ಹಾಸನ ತಲುಪಿದ ಕೂಡಲೇ ಮತ್ತೆ ಅಳೆಯುತ್ತೇನೆ. 26 ಇದ್ದದ್ದು 29 ಆಗಿರುತ್ತದೆ. ನಾಲ್ಕಕ್ಕಿಂತ ಜಾಸ್ತಿ ಏರಿದರೆ ಬೆಳಗ್ಗೆ ಹಾಕಿದ್ದು ಕಡಿಮೆಯಾಯಿತು, ಗೋಡೆ ಅತಿಯಾಗಿ ಬಗ್ಗಿ ಬಿಸಿಯಾಗುತ್ತಿದೆ ಅಂತ ತಿಳಿಯಬೇಕು. ಬಿಸಿ ಟೈರಿನ ಗಾಳಿಯನ್ನು ಮಾತ್ರ ಇಳಿಸಲು ಹೋಗಬೇಡಿ. ತಣ್ಣಗಾದ ಮೇಲೆ ಇನ್ನೂ ಕೆಳಗೆ ಹೋಗಿರುತ್ತದೆ.

ಈಗ ಏರಿನ ಮಾತು. ಮಣ್ಣಿನ ದಾರಿ ಶುರುವಾಗುವಲ್ಲಿ ಒಂದು ಹಲಸಿನ ಮರ ಇದೆ. ಜುಲೈನಲ್ಲಿ ಅಲ್ಲಿ ನಿಲ್ಲಿಸಿ ನಾಲ್ಕನ್ನೂ 16ಕ್ಕೆ ಇಳಿಸುತ್ತೇನೆ. ಮೊದಲ ಸಲ ಹೀಗೆ ಹತ್ತಿದ ದಿನ ನಮ್ಮ ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರ್ ಜೊತೆಗಿದ್ದರು. 26ರಲ್ಲಿ ಮೂರು ಸಲ ಪ್ರಯತ್ನಿಸಿದ್ದೆ. ಪ್ರತಿ ಸಲವೂ ಅರ್ಧದಲ್ಲಿ ಚಕ್ರ ನಿಂತಲ್ಲೇ ತಿರುಗಿ ಗಾಡಿ ದರೆಯ ಕಡೆಗೆ ಜಾರುತ್ತಿತ್ತು. 16ಕ್ಕೆ ಇಳಿಸಿ ಫೋರ್ ವೀಲ್‌ನ ಲೋ ಗೇರಿನಲ್ಲಿ, ಸೆಕೆಂಡ್‌ನಲ್ಲಿ, ಆಕ್ಸಿಲರೇಟರ್ ಮೇಲೆ ಕಾಲು ಅಲುಗಿಸದೆ ಬಿಟ್ಟೆ. ಸೀದಾ ಹತ್ತಿತು. ರೈಟರ್ ಇಳಿದು ಹಿಂದೆ ಹೋಗಿ ಗುರುತು ನೋಡಿ, "ಅಣ್ಣ, ಬಂದು ನೋಡಿ, ಅಚ್ಚು ಒತ್ತಿದ ಹಂಗೆ ಬಿದ್ದದೆ" ಅಂದರು. ನಿಜ. ಮೊದಲಿನ ಗುರುತು ಕೆರೆದ ಕಾಲುವೆಯಂತಿತ್ತು. ಈ ಗುರುತಿನಲ್ಲಿ ಪ್ರತಿ ಬಟನ್ ಬೇರೆ ಬೇರೆಯಾಗಿ ಮೂಡಿತ್ತು, ಮಣ್ಣು ಹರಿದಿರಲೇ ಇಲ್ಲ.

ಯಾಕೆ ಹೀಗೆ ಅಂತ ಕಣದಲ್ಲಿ ಅಳೆದು ನೋಡಿದೆ. ನಿಂತ ಟೈರಿನ ಮುಂದಿನಿಂದ ಒಂದು, ಹಿಂದಿನಿಂದ ಒಂದು ಕಾಗದ ತಳ್ಳಿದೆ. ಎರಡೂ ಸಿಕ್ಕಿಕೊಂಡ ಮೇಲೆ ನಡುವಿನ ದೂರ ಅಳೆದೆ. 26ರಲ್ಲಿ ಸುಮಾರು 15 ಸೆಂಟಿಮೀಟರ್ ಉದ್ದ ನೆಲ ಮುಟ್ಟುತ್ತಿತ್ತು. 16ರಲ್ಲಿ 21. ಅಗಲ ಮಾತ್ರ ಒಂದು ಸೆಂಟಿಮೀಟರ್ ಹೆಚ್ಚಾಯಿತು ಅಷ್ಟೇ. ಗಾಳಿ ಇಳಿಸಿದರೆ ಟೈರ್ ಅಗಲವಾಗುತ್ತದೆ ಅಂತ ನಾನೂ ನಂಬಿದ್ದೆ. ಅದು ಉದ್ದವಾಗುತ್ತದೆ. ಅಷ್ಟೇ ಅಲ್ಲ, ಮೈ ಬಗ್ಗುವುದರಿಂದ ಬಟನ್‌ಗಳ ಸಂದಿ ತೆರೆದು ಮುಚ್ಚಿ ಮಣ್ಣು ತಾನಾಗಿ ಉದುರುತ್ತದೆ. ಕಲ್ಲಿನ ಮೇಲೆ ಪುಟಿಯುವ ಬದಲು ಕಲ್ಲನ್ನು ಸುತ್ತಿಕೊಳ್ಳುತ್ತದೆ. ಮಸ್ಕತ್‌ನಲ್ಲಿರುವ ನನ್ನ ಭಾವಮೈದುನ ಮರಳಿನಲ್ಲಿ ಓಡಿಸಲು 15ಕ್ಕೆ ಇಳಿಸುತ್ತಾನಂತೆ. ಮಣ್ಣು ಬೇರೆ, ಉಪಾಯ ಒಂದೇ.

ಅಪಾಯ ಇದೆ, ಅದನ್ನೂ ಹೇಳಬೇಕು. ಮೊದಲ ವರ್ಷ ಟ್ಯೂಬ್ ಟೈರ್ ಇದ್ದಾಗ ಧೈರ್ಯ ಮಾಡಿ 14ಕ್ಕೆ ಇಳಿಸಿದ್ದೆ. ಏರಿನಲ್ಲಿ ಟೈರ್ ರಿಮ್ ಮೇಲೆ ಜಾರಿ ಸ್ವಲ್ಪ ತಿರುಗಿತು, ಒಳಗಿನ ಟ್ಯೂಬ್ ಅದರ ಜೊತೆ ಎಳೆದುಕೊಂಡು ಹೋಯಿತು, ವಾಲ್ವ್ ಬುಡದಲ್ಲೇ ಕಿತ್ತುಬಂತು. ಸಂಜೆ ಆರೂವರೆ, ಜೋರು ಮಳೆ, ಜ್ಯಾಕ್ ಇಡಲು ಗಟ್ಟಿ ನೆಲ ಇಲ್ಲ. ಟ್ಯೂಬ್ ಇರುವವರು 18ಕ್ಕಿಂತ ಕೆಳಗೆ ಹೋಗಬೇಡಿ. ಟ್ಯೂಬ್‌ಲೆಸ್ ಆದರೂ ನಾನು 14ಕ್ಕಿಂತ ಕೆಳಗೆ ಹೋಗುವುದಿಲ್ಲ, ತಿರುವಿನಲ್ಲಿ ಟೈರ್ ರಿಮ್ ಬಿಟ್ಟು ಕಳಚಿಕೊಳ್ಳಬಹುದು. ಗಾಳಿ ಇಳಿಸಿದಾಗ ಗೋಡೆ ಹೊರಕ್ಕೆ ಉಬ್ಬಿರುತ್ತದೆ. ಕಡಿದ ಬಿದಿರು ಮೆಳೆ, ಕಿತ್ತ ಕಾಫಿ ಗಿಡದ ಬುಡ ಇರುವ ಕಡೆ ನಾನು 20ರಲ್ಲೇ ಹೋಗುತ್ತೇನೆ. ನೆಲ ಮುಟ್ಟುವ ಜಾಗದಲ್ಲಿ ಪಂಕ್ಚರ್ ಆದರೆ ಹಾಕಬಹುದು, ಗೋಡೆ ಸೀಳಿದರೆ ಟೈರ್ ಹೋದಂತೆಯೇ. ಇಳಿಸಿದ ಮೇಲೆ 30 ಕಿಲೋಮೀಟರ್ ವೇಗ ದಾಟಬಾರದು. ಡಾಂಬರಿಗೆ ಬಂದ ಕೂಡಲೇ ತುಂಬಬೇಕು.

ತುಂಬಲು ಒಂದು 12 ವೋಲ್ಟಿನ ಕಂಪ್ರೆಸರ್ ಇಟ್ಟುಕೊಂಡಿದ್ದೇನೆ. ವೈರನ್ನು ನೇರ ಬ್ಯಾಟರಿಗೆ ಕ್ಲಿಪ್ ಹಾಕುವಂಥದ್ದು ತೆಗೆದುಕೊಳ್ಳಿ. ಸಿಗರೇಟ್ ಲೈಟರ್ ಸಾಕೆಟ್‌ಗೆ ಹಾಕಿದರೆ ಎರಡನೇ ಟೈರಿಗೇ ಫ್ಯೂಸ್ ಹೋಗುತ್ತದೆ, ನನಗೆ ಹೋಗಿದೆ. ಗೇಜ್ ನಿಮ್ಮದೇ ಇರಲಿ. ನನ್ನದಕ್ಕೂ ಬಂಕಿನದಕ್ಕೂ ಮೂರು ಪಿಎಸ್‌ಐ ವ್ಯತ್ಯಾಸ ಇದೆ. ಯಾವುದು ಸರಿ ಅನ್ನುವುದಕ್ಕಿಂತ, ಯಾವಾಗಲೂ ಒಂದರಲ್ಲೇ ಅಳೆಯುವುದು ಮುಖ್ಯ ಅಲ್ವಾ.

ಟ್ಯೂಬ್‌ಲೆಸ್ ಹಾಕಿಸುವಾಗ ರಿಮ್ ಅಂಚಿನ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ ಪೇಂಟ್ ಮಾಡಿಸಿ. ಒಂದು ರಿಮ್ ಹಾಗೇ ಬಿಟ್ಟಿದ್ದೆ, ವಾರಕ್ಕೆ ನಾಲ್ಕು ಪೌಂಡ್ ಇಳಿಯುತ್ತಿತ್ತು. ಸೋಪಿನ ನೀರು ಹಾಕಿದಾಗ ರಿಮ್ ಸುತ್ತ ಸಣ್ಣ ಗುಳ್ಳೆ ಬಂತು.

ಸ್ಟೆಪ್ನಿಯೂ ಅದೇ ಅಳತೆಯದಿರಲಿ. ಜಿಪ್ಸಿಯಲ್ಲಿ ಫೋರ್ ವೀಲ್ ಹಾಕಿದರೆ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಒಂದೇ ವೇಗದಲ್ಲಿ ತಿರುಗಬೇಕು. ಒಂದು ಚಕ್ರ ಚಿಕ್ಕದಿದ್ದರೆ ಗೇರ್ ಬಾಕ್ಸಿಗೆ ಒತ್ತಡ ಬೀಳುತ್ತದೆ. ನನ್ನ ಸ್ಟೆಪ್ನಿಯಲ್ಲಿ ಯಾವಾಗಲೂ 34 ಗಾಳಿ ಇರುತ್ತದೆ. ಹಿಂದಿನ ಬಾಗಿಲಿಗೆ ನೇತುಹಾಕಿಕೊಂಡು ತಿಂಗಳುಗಟ್ಟಲೆ ಮುಟ್ಟದೆ ಇರುತ್ತೇವೆ, ಸ್ವಲ್ಪ ಸ್ವಲ್ಪ ಇಳಿಯುತ್ತಾ ಇರುತ್ತದೆ. ಹಾಕಬೇಕಾದ ದಿನ ಜಾಸ್ತಿ ಇದ್ದರೆ ಮಳೆಯಲ್ಲಿ ನಿಂತು ವಾಲ್ವ್ ಒತ್ತಿ ಬಿಡಬಹುದು.