ದಣಪೆ ಹಾಕದೆ ಬಂದವರು ಯಾರು?

ಚಿಬ್ಬಲಗುಡ್ಡೆ ಇರುವುದು ತೀರ್ಥಹಳ್ಳಿಯ ಹತ್ತಿರ, ತುಂಗೆಯ ದಂಡೆಯಲ್ಲಿ. ಅಲ್ಲಿಗೆ ಹೆಚ್ಚಿನವರು ಕಾರಲ್ಲೇ ಹೋಗಿ ಬರುತ್ತಾರೆ. ನಾವು 14 ಜನ ಒಂದು ನವೆಂಬರ್ ಭಾನುವಾರ ಒಳದಾರಿ ಹಿಡಿದು ನಡೆದೇ ಹೋದೆವು. ಸುಮಾರು 11 ಕಿಲೋಮೀಟರ್. ಕರೆದುಕೊಂಡು ಹೋಗುವ ಜವಾಬ್ದಾರಿ ನನ್ನದು.

ನವೆಂಬರನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಮಳೆಗಾಲದಲ್ಲಿ ಉಂಬಳ, ಅಂದರೆ ಕಾಡಿನ ಜಿಗಣೆ, ಕಾಲು ಬಿಡುವುದಿಲ್ಲ. ಚಳಿ ಬಿದ್ದ ಮೇಲೆ ಬೇಸಿಗೆ ಮುಗಿಯುವವರೆಗೆ ಉಣುಗಿನ, ಅಂದರೆ ಉಣ್ಣೆ ಹುಳದ, ಕಾಟ. ಉಂಬಳ ರಕ್ತ ಹೀರಿ ಉದುರಿ ಹೋಗುತ್ತದೆ, ಅಷ್ಟೇ. ಉಣುಗು ಹಾಗಲ್ಲ, ಮಂಗನ ಕಾಯಿಲೆ ಹರಡುತ್ತದೆ. 1957ರಲ್ಲಿ ಆ ಕಾಯಿಲೆ ಮೊದಲು ಪತ್ತೆಯಾಗಿದ್ದೇ ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಎರಡರ ನಡುವೆ ಸಿಗುವ ವಾರಗಳು ಕಡಿಮೆ. ಆದರೂ ಎಲ್ಲರ ಕೈಕಾಲಿಗೂ ಉಣುಗು ಹತ್ತದಂತೆ ಹಚ್ಚುವ ಡೇಪಾ ಎಣ್ಣೆ ಸವರಿಸಿಯೇ ಹೊರಡಿಸಿದೆ.

ಎರಡು ವಾರ ಮೊದಲು ಗೆಳೆಯನ ಜೊತೆ ದಾರಿ ನೋಡಿ ಬಂದಿದ್ದೆ. ಮಲೆನಾಡಲ್ಲಿ ಊರು ಅಂದರೆ ಒತ್ತೊತ್ತಾಗಿ ಮನೆ ಇರುವುದಿಲ್ಲ. ಇಲ್ಲೊಂದು ಮನೆ, ತೋಟ ದಾಟಿದರೆ ಇನ್ನೊಂದು. ಕಾಲುದಾರಿ ಅಂಗಳದ ಪಕ್ಕದಲ್ಲೇ ಹಾದು, ಸೊಪ್ಪಿನಬೆಟ್ಟ ಹತ್ತಿ, ಗದ್ದೆ ಬದುವಿಗೆ ಇಳಿಯುತ್ತದೆ. ಹಾಗಾಗಿ ಪ್ರತಿ ಮನೆಯಲ್ಲೂ ಕೇಳಿಕೊಂಡೆ. ಯಾರೂ ಬೇಡ ಅನ್ನಲಿಲ್ಲ. ಹೇಳಿದ್ದು ಒಂದೇ ಮಾತು: 'ದಣಪೆ ಹಾಕ್ಕೊಂಡು ಹೋಗಿ.'

ದಣಪೆ ನೋಡದವರಿಗೆ ಹೇಳುತ್ತೇನೆ. ದನ ನುಗ್ಗದಂತೆ ಬೇಲಿಯಲ್ಲಿ ಇಡುವ ಬಾಗಿಲು ಅದು. ಎರಡು ಗೂಟ, ಗೂಟಗಳಲ್ಲಿ ತೂತು, ತೂತಿಗೆ ಅಡ್ಡ ತೂರಿಸಿದ ಮೂರ್ನಾಲ್ಕು ಬಿದಿರ ಗಳ. ಮೇಲಿನ ಎರಡು ಸರಿಸಿ ದಾಟಬೇಕು, ಮತ್ತೆ ತೂರಿಸಬೇಕು. ಕೆಲವರು ಉಣುಗೋಲು ಅಂತಲೂ ಅನ್ನುತ್ತಾರೆ. ಉಣುಗು ಓಡಿಸುವ ಕೋಲಾ ಅಂತ ನಮ್ಮಲ್ಲೊಬ್ಬರು ಕೇಳಿದರು!

ಕಾಡಿನ ತುಂಡು ಚೆನ್ನಾಗಿತ್ತು, ಆದರೆ ಅಲ್ಲಿ ಯಾರೂ ಮಾತು ನಿಲ್ಲಿಸಲಿಲ್ಲ, ಹಕ್ಕಿ ಕಾಣಲಿಲ್ಲ. ಅಲ್ಲಿಂದ ಇಳಿದು ಮೂರನೇ ದಣಪೆ ದಾಟಿದೆವು. ಎಡಕ್ಕೆ ಕೊಯ್ಲಿಗೆ ಬಂದ ಭತ್ತ. ನಾನು ಎಲ್ಲರಿಗಿಂತ ಮುಂದೆ, ದೊಡ್ಡ ಗೈಡ್ ಥರ. ಕಾಲು ಗಂಟೆ ಆಗಿರಬೇಕು, ಹಿಂದಿನಿಂದ ಕೂಗು ಕೇಳಿಸಿತು. ಓಡಿ ಬಂದು ನೋಡಿದರೆ ಎರಡು ದನ, ಒಂದು ಕರು ಗದ್ದೆಯಲ್ಲಿ. ಗಳಗಳು ನೆಲದ ಮೇಲೆ. ಫೋಟೋ ತೆಗೆಯುತ್ತಾ ಹಿಂದೆ ಉಳಿದ ಇಬ್ಬರು ಹಾಗೇ ಬಂದುಬಿಟ್ಟಿದ್ದರು. ನಾವು ಕೈ ಬೀಸಿ 'ಹೋ ಹೋ' ಅಂದಷ್ಟೂ ದನ ಗದ್ದೆಯ ನಡುವಿಗೇ ಹೋದವು. ಕೊನೆಗೆ ಮನೆಯ ಅಜ್ಜಿ ಬಂದು ಒಂದೇ ಸಲ 'ಹೈ' ಅಂದರು. ಮೂರೂ ತಲೆ ತಗ್ಗಿಸಿ ಹೊರಗೆ.

'ದಣಪೆ ಹಾಕದೆ ಬಂದಿದ್ದು ಯಾರು?'

'ನಾನೇ' ಅಂದೆ. ಸುಳ್ಳೇನಲ್ಲ. ದಣಪೆ ವಿಷಯ ಹೊರಡುವಾಗ ನನ್ನ ಸುತ್ತ ನಿಂತವರಿಗೆ ಮಾತ್ರ ಹೇಳಿದ್ದೆ. ಆ ಇಬ್ಬರು ಇನ್ನೂ ಶೂ ಕಟ್ಟುತ್ತಿದ್ದರು. ತುಳಿದ ಪೈರಿಗೆ ದುಡ್ಡು ಕೊಡಲು ಹೋದೆ, ಅಜ್ಜಿ ಮುಟ್ಟಲಿಲ್ಲ. ಅಡಕೆ ಸುಲಿಯುತ್ತಿದ್ದವರ ನಡುವೆಯೇ ನಮಗೆ ಜಾಗ ಮಾಡಿ, ಬೆಲ್ಲ ನೀರು ತಂದಿಟ್ಟು, 'ಆಸರಿಗೆ ಏನು ಮಾಡಲಿ?' ಅಂದರು, ಕುಡಿಯಲು ಏನು ಕೊಡಲಿ ಅಂತ. ನಾಲ್ಕು ಬೈದಿದ್ದರೆ ವಾಸಿಯಿತ್ತು.

ಅಲ್ಲಿಂದ ಮುಂದೆ ವ್ಯವಸ್ಥೆ ಬದಲಾಯಿಸಿದೆ. ಮೊಣಕಾಲು ನೋವಿದ್ದ ಒಬ್ಬರನ್ನು ಎಲ್ಲರಿಗಿಂತ ಮುಂದೆ ಬಿಟ್ಟೆ, ದಾರಿ ಗೊತ್ತಿದ್ದ ಗೆಳೆಯನನ್ನು ಅವರ ಜೊತೆ ಮಾಡಿದೆ. ನಾನು ಕೊನೆಗೆ. ವೇಗ ತಾನಾಗಿಯೇ ಸರಿಹೋಯಿತು. ಪ್ರತಿ ದಣಪೆಯಲ್ಲೂ ನಿಂತು 14 ಎಣಿಸಿ, ಗಳ ತೂರಿಸಿ ಹೊರಡುತ್ತಿದ್ದೆ. ಹಳ್ಳದ ಮೇಲೆ ಎರಡು ಅಡಕೆ ಮರ ಹಾಸಿದ ಸಂಕ ಪಾಚಿ ಕಟ್ಟಿ ಜಾರುತ್ತಿತ್ತು. ಅಲ್ಲಿ ಒಬ್ಬೊಬ್ಬರನ್ನೇ ದಾಟಿಸಲು ಅರ್ಧ ಗಂಟೆ ಹಿಡಿಯಿತು. ಫೋನಿಗೆ ಸಿಗ್ನಲ್ ಇಲ್ಲ. ಮುಂದಿದ್ದ ಗೆಳೆಯನಿಗೂ ನನಗೂ ಸೀಟಿಯೇ ಗತಿ.

ಹೊಳೆದಂಡೆ ಮುಟ್ಟುವಾಗ ಮಧ್ಯಾಹ್ನ ಎರಡು. ಚಿಬ್ಬಲಗುಡ್ಡೆಯಲ್ಲಿ ಮೀನು ಹಿಡಿಯುವಂತಿಲ್ಲ, ದೇವರ ಮೀನು. ಚೀಲದಲ್ಲಿದ್ದ ಮಂಡಕ್ಕಿ ಎಸೆದರೆ ಮೊಣಕೈ ಉದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುತ್ತವೆ. ಕಾಲು ನೀರಲ್ಲಿ ಇಳಿಬಿಟ್ಟು ಬುತ್ತಿಯ ಅಕ್ಕಿರೊಟ್ಟಿ ತಿಂದೆವು.

ವಾಪಸ್ ಬರಲು ವ್ಯಾನ್ ಹೇಳಿದ್ದೆವು. ಕೊನೆಗೆ ಹತ್ತಿದವರು ಫೋಟೋದವರೇ. ಬಾಗಿಲು ಎಳೆದುಕೊಂಡು, ಎರಡು ಸಲ ಅಲ್ಲಾಡಿಸಿ ನೋಡಿ, ನನ್ನ ಕಡೆ ತಿರುಗಿ ಹೇಳಿದರು: 'ದಣಪೆ ಹಾಕಿದೆ.'